ರೇವಣಸಿದ್ದನ ಎಕ್ಸ್‌ರೇ

"ಏನಮ್ಮಾ, ದಿನಾ ಬಂದು ಪ್ರಾಣ ತಿಂತೀಯಲ್ಲ! ಎಕ್ಸ್‌ರೇ ಆಸ್ಪತ್ರೆ ಸ್ವತ್ತು ಕಣಮ್ಮಾ. ನಿಮ್ಮಪ್ಪನ ಮನೆಯಿಂದ ತಂದಿಟ್ಟಿದ್ಯಾ?"

ಮಾಗಡಿ ರಸ್ತೆಯ ನರ್ಸಿಂಗ್ ಹೋಮಿನ ಗುಮಾಸ್ತ ಜಗನ್ನಾಥ ಎಕ್ಸ್‌ರೇ ನಂಬರಿನ ಚೀಟಿಯನ್ನು ನನ್ನ ಮುಖಕ್ಕೇ ಎಸೆದ.

"ದೊಡ್ಡಾಸ್ಪತ್ರಿ ಡಾಕ್ಟರು ಹಳೇದು ಬೇಕಂತಾರ್ರೀ ಸಾರ್. ನನ್ನ ಗಂಡನ ಎದ್ಯಾಗಿನ ಗಂಟು ಬೆಳೆದೈತೋ ಇಲ್ಲೋ ನೋಡಬೇಕಂತ. ನಾಳಿ ಒಯ್ಯದಿದ್ರ ಆಪರೇಷನ್ ಇಲ್ಲಂತ್ರೀ."

"ಆಪರೇಷನ್ ಇಲ್ಲೇ ಮಾಡ್ಸು. ಬೇರೆ ಕಡೆ ಹೋಗೋರಿಗೆ ಏನೂ ಕೊಡಲ್ಲ. ಫಿಲ್ಮು ಒಳಗೆ ಭದ್ರವಾಗಿದೆ. ನಡಿ, ನಡಿ!"

ಭದ್ರವಾಗಿದೆಯಲ್ಲ, ಅಷ್ಟೇ ಸಾಕು ಎಂದು ಪೆದ್ದಿಯ ಹಾಗೆ ಕೈಮುಗಿದು ಬಂದೆ. ಮನೆಯಲ್ಲಿ ಗಂಡ ರೇವಣಸಿದ್ದ ಕೆಮ್ಮಿದರೆ ರಕ್ತ ಬರುತ್ತಿತ್ತು.

ನಾನು ದುಡಿಯುವುದು ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ. ಆಸ್ಪತ್ರೆಗಳು ಮಾರಿದ ಹಳೆಯ ಎಕ್ಸ್‌ರೇಗಳನ್ನು ಕುದಿಯುವ ಕಾಸ್ಟಿಕ್ ಸೋಡಾ ನೀರಿಗೆ ಹಾಕಿ ಬೆಳ್ಳಿ ತೆಗೆಯುತ್ತಾರೆ. ಕವರು ಬಿಡಿಸಿ ಫಿಲ್ಮನ್ನು ತೊಟ್ಟಿಗೆ ಹಾಕುವುದು ನನ್ನ ಪಾಲಿನ ಕೆಲಸ. ಎದೆ, ಸೊಂಟ, ಮುರಿದ ಕಾಲು, ಯಾರದೋ ಏನೋ. ನೀರು ಮುಟ್ಟಿದ್ದೇ ತಡ ಎಲುಬೆಲ್ಲ ಅಳಿಸಿಹೋಗಿ ಬರೀ ನೀಲಿ ಹಾಳೆ ಉಳಿಯುತ್ತದೆ.

ಅವತ್ತು ಮಧ್ಯಾಹ್ನ ಹೊಸ ಚೀಲ ಬಿಚ್ಚಿದೆ. ಅರ್ಧ ಚೀಲ ತೊಟ್ಟಿಗೆ ಹೋದ ಮೇಲೆ ಒಂದು ಎದೆ ಬಂತು, ನಡುವೆ ಬಿಳಿಯ ಗುಂಡು. ಅಯ್ಯೋ ಶಿವನೇ! ಅದು ಲಿಂಗದ ಕರಡಿಗೆ. ಎಕ್ಸ್‌ರೇ ತೆಗೆಯುವಾಗ ಬಿಚ್ಚು ಅಂದರೆ, "ಜೀವ ಹೋದ್ರೂ ಲಿಂಗ ಬಿಚ್ಚಂಗಿಲ್ರೀ" ಎಂದು ಬೈಗುಳ ತಿಂದು ನಿಂತಿದ್ದ ನನ್ನ ಗಂಡ. ಮೂಲೆಯ ನಂಬರನ್ನು ಚೀಟಿಗೆ ಹೋಲಿಸಿದೆ. ಒಂದೊಂದೇ ಅಂಕಿ ತಾಳೆಯಾಯಿತು. ಭದ್ರವಾಗಿದೆ ಅಂದಿದ್ದನಲ್ಲ, ಆ ಹಾಳಾದವನು!

ಸೀರೆಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡೆ. ಸಂಜೆ ಗೇಟಿನಲ್ಲಿ ಹೆಂಗಸರನ್ನೆಲ್ಲ ತಡವಿ ಬಿಡುವ ಸೂಪರ್‌ವೈಸರ್ ಚನ್ನಕೇಶವ ನನ್ನ ಸೊಂಟಕ್ಕೆ ಕೈ ಹಾಕಿದ. ಫಿಲ್ಮು ಪಟಪಟ ಅಂದಿತು.

"ಬೆಳ್ಳಿ ಕದೀತೀಯೇನೇ, ಕಳ್ಳ ಮುಂಡೆ! ತೆಗಿ ಈಚೆಗೆ. ಪೊಲೀಸ್ನೋರ್ ಕೈಲಿ ಮೂಳೆ ಮುರಿಸ್ತೀನಿ."

ಹೆದರಿಕೆಗೆ ನಿಂತಲ್ಲೇ ಉಚ್ಚೆ ಹೋಯಿತು, ಸುಳ್ಳೇಕೆ ಹೇಳಲಿ. ಆದರೂ ಹೊರಗೆ ತೆಗೆದು ಎಲ್ಲರೆದುರು ಬೆಳಕಿಗೆ ಎತ್ತಿ ಹಿಡಿದೆ.

"ಮುಂಡಿ ಅನಬ್ಯಾಡ. ನನ್ನ ಗಂಡ ಇನ್ನಾ ಅದಾನ. ಇಲ್ಲಿ ನೋಡು, ಅವನ ಎದಿ. ಬೇಕಾದ್ರ ನನ್ನ ಆ ತೊಟ್ಟ್ಯಾಗ ನೂಕು, ಇದನ್ನ ಕೊಡಂಗಿಲ್ಲ."

ಅವನು ಒಂದು ತುದಿ ಹಿಡಿದು ಎಳೆದ. ಎಕ್ಸ್‌ರೇ ಸುಲಭಕ್ಕೆ ಹರಿಯುವುದಿಲ್ಲ, ಮೂರು ವರ್ಷದಿಂದ ನೋಡಿದ್ದೇನೆ. ಅಂಚು ನನ್ನ ಅಂಗೈ ಕೊಯ್ದು ರಕ್ತ ಇಳಿಯಿತು. ಹಿಂದೆ ತೊಟ್ಟಿ ಕುದಿಯುತ್ತಿತ್ತು. ಗೇಟು ಹಾಕಿಯೇ ಇತ್ತು. ನಾನು ಬಿಡಲಿಲ್ಲ.