ಹಿತೈಷಿಯ ಪಕ್ಕದ ಎಲೆ

ನನ್ನ ಕಥೆಗಳ ಕೆಳಗೆ ಬಂದು ಉಗಿಯುತ್ತಿದ್ದ ಪುಣ್ಯಾತ್ಮ ತನ್ನನ್ನು ಹಿತೈಷಿ ಎಂದು ಕರೆದುಕೊಂಡಿದ್ದ. ನನಗೆ ಹಗಲೆಲ್ಲ ಕಂಪನಿಯಲ್ಲಿ ಕೋಡ್ ಬರೆಯುವ ಹೊಟ್ಟೆಪಾಡು. ಪ್ರಾಣವೆಲ್ಲ ಮಕ್ಕಳ ಕಥೆಗಳಲ್ಲಿ, ಅವನ್ನು ನನ್ನದೇ ವೆಬ್‌ಸೈಟಿಗೆ ಹಾಕುತ್ತೇನೆ. ‘ಈ ಆಮೆಯ ಕಥೆ ಓದಿ ಮಗು ತಕ್ಷಣ ನಿದ್ದೆ ಹೋಯಿತು, ಉಪಕಾರವಾಯಿತು’ ಎಂದು ಒಮ್ಮೆ ಬರೆದ. ‘ಬರವಣಿಗೆ ಎಲ್ಲರಿಗೂ ಒಲಿಯುವುದಿಲ್ಲ, ಒಪ್ಪಿಕೊಳ್ಳಿ’ ಎಂದು ಇನ್ನೊಮ್ಮೆ. ಕಂತುಗಳಲ್ಲಿ ಹಾಕುತ್ತಿದ್ದ ಆಮೆಯ ಕಥೆಯ ಕೊನೆಯ ಭಾಗ ಬಾಕಿಯಿತ್ತು. ಕೂತರೆ ಕೈಯೇ ಓಡುತ್ತಿರಲಿಲ್ಲ. ಬರೆಯುವುದನ್ನೇ ಬಿಟ್ಟುಬಿಡೋಣ ಎನ್ನುವವರೆಗೆ ಬಂದಿದ್ದೆ.

ಅಷ್ಟರಲ್ಲೂ ತಡೆದುಕೊಂಡಿದ್ದು ಅಕ್ಕನಿಂದ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ನನ್ನ ಮದುವೆಯಾದ ಮೇಲೆ ನಾನು ಅವಳ ಮನೆಗೆ ಹೋಗುವುದು ಅಪರೂಪವಾಗಿತ್ತು. ಹಿತೈಷಿ ಶುರು ಹಚ್ಚಿಕೊಂಡಂದಿನಿಂದ ಆಫೀಸು ಮುಗಿಸಿ ನೇರ ಅವಳ ಅಡುಗೆಮನೆಗೇ ಹೋಗುತ್ತಿದ್ದೆ. “ಯಾರೋ ಹೊಟ್ಟೆಕಿಚ್ಚಿನವರು, ಬಿಡೇ. ತಲೆಗೆ ಹಚ್ಕೋಬೇಡ” ಎಂದು ಚಹಾ ಮುಂದಿಡುತ್ತಿದ್ದಳು. ಅವಳ ಭುಜಕ್ಕೆ ಒರಗಿ ಅತ್ತಿದ್ದೂ ಉಂಟು.

ಆಗಲೇ ಆಫೀಸಿಗೆ ಒಂದು ಕೆಲಸ ಬಂತು. ಗಿರಾಕಿಯೊಬ್ಬರಿಗೆ ತಮ್ಮ ಸೈಟಿನ ಪ್ರತಿ ಕಾಮೆಂಟಿನ ಪಕ್ಕದಲ್ಲಿ, ಅದನ್ನು ಬರೆದವರು ಯಾವ ಬ್ರೌಸರ್ ಅಥವಾ ಯಾವ ಆಪರೇಟಿಂಗ್ ಸಿಸ್ಟಮ್ ಬಳಸಿದರು ಎಂದು ತೋರಿಸುವ ಒಂದು ಪುಟ್ಟ ಚಿತ್ರ ಬೇಕಿತ್ತಂತೆ. ಇದೇನು ದೊಡ್ಡ ವಿದ್ಯೆಯಲ್ಲ. ಯಾವ ಬ್ರೌಸರಾದರೂ ಪುಟ ಕೇಳಲು ಬರುವಾಗ ತನ್ನ ಪರಿಚಯವನ್ನು ಸರ್ವರಿಗೆ ಒಪ್ಪಿಸಿಯೇ ಬರುತ್ತದೆ. ಅದನ್ನು ಓದಿ ಚಿತ್ರ ಅಂಟಿಸಬೇಕು, ಅಷ್ಟೆ. ನನ್ನ ಸೈಟು ಪ್ರತಿ ಕಾಮೆಂಟಿನ ಜೊತೆ ಆ ಪರಿಚಯವನ್ನೂ ಮೊದಲಿಂದ ಉಳಿಸಿಕೊಳ್ಳುತ್ತಿದ್ದುದರಿಂದ ಕೋಡನ್ನು ಅಲ್ಲೇ ಪರೀಕ್ಷಿಸಿದೆ. ಹಿತೈಷಿಯ ಪಕ್ಕದಲ್ಲಿ ಸಫಾರಿ ಬ್ರೌಸರಿನ ಗುರುತಾದ ದಿಕ್ಸೂಚಿ ಮೂಡಿತು.

ನಮ್ಮ ಆಫೀಸಿನಲ್ಲಿ ಸಫಾರಿ ಬಳಸುವವನು, ನಾವೆಲ್ಲ ಗಡ್ಡ ಎಂದು ಕರೆಯುವವನು, ಒಬ್ಬನೇ. ಗಡ್ಡ ನನ್ನ ಪಕ್ಕದ ಮೇಜಿನವನು, ಹಿಂದೊಮ್ಮೆ ನನ್ನ ಆಮೆಯ ಕಥೆ ನೋಡಿ ನಕ್ಕಿದ್ದ. ನನಗೆ ಅಷ್ಟು ಸಾಕಾಯಿತು. ಸಿಟ್ಟು ಬಂದರೆ ನನಗೆ ಹಿಂದುಮುಂದು ಕಾಣುವುದಿಲ್ಲ.

“ಇಷ್ಟ ಆಗ್ಲಿಲ್ಲ ಅಂದ್ರೆ ಮುಖ ನೋಡಿ ಹೇಳು. ಹೆಸರು ಮರೆಸ್ಕೊಂಡು ಉಗಿಯೋದಕ್ಕೆ ನಾಚಿಕೆ ಆಗಲ್ವಾ?” ಎಂದೆ.

ಅವನ ಮುಖ ಸಣ್ಣದಾಯಿತು. ಕುರ್ಚಿ ಎಳೆದುಕೊಂಡು ಬಂದು ನನ್ನ ಪರದೆ ನೋಡಿದ.

“ಸ್ವಲ್ಪ ಕೆಳಗೆ ಹೋಗು. ನಿನ್ನ ಉತ್ತರದ ಪಕ್ಕದಲ್ಲೂ ದಿಕ್ಸೂಚಿನೇ ಇದೆ. ಅದನ್ನೂ ನಾನೇ ಬರೆದ್ನಾ?”

ಹೌದು, ಹೆಚ್ಚುಕಡಿಮೆ ಎಲ್ಲರ ಪಕ್ಕದಲ್ಲೂ ಅದೇ ಇತ್ತು. ಹಿತೈಷಿಯನ್ನು ಬಿಟ್ಟು ಬೇರೆಯವರ ಕಡೆ ನನ್ನ ಕಣ್ಣೇ ಹಾಯ್ದಿರಲಿಲ್ಲ.

“ಕೋಡಲ್ಲಿ ಸಫಾರಿ ಹೆಸರನ್ನ ಮೊದಲು ಹುಡುಕಿದ್ದೀಯ,” ಎಂದ ಗಡ್ಡ. “ಮುಕ್ಕಾಲು ಪಾಲು ಬ್ರೌಸರುಗಳು ತಮ್ಮ ಪರಿಚಯದಲ್ಲಿ ಆ ಹೆಸರನ್ನೂ ತುರುಕಿರ್ತವೆ. ಅಪರೂಪದ್ದನ್ನ ಮೊದಲು ನೋಡ್ಬೇಕು. ಎಲ್ಲರೂ ಹೇಳ್ಕೊಳ್ಳೋ ಹೆಸರು ಕೊನೆಗೆ.”

ಗೊತ್ತಿದ್ದ ಸಂಗತಿಯೇ, ಸಿಟ್ಟಿನಲ್ಲಿ ಮರೆತಿದ್ದೆ. ಕ್ಷಮೆ ಕೇಳಿದೆ. ಅವನು ತಲೆಯಾಡಿಸಿ ತನ್ನ ಜಾಗಕ್ಕೆ ಹೋದ. ನಾನು ಕೋಡಿನ ಸಾಲುಗಳನ್ನು ಹಿಂದುಮುಂದು ಮಾಡಿ ಪುಟವನ್ನು ಮತ್ತೆ ತೆರೆದೆ. ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಬಂತು. ಹಿತೈಷಿಯ ಪಕ್ಕದಲ್ಲಿ ಒಂದು ಹಸಿರು ಎಲೆ.

ಆ ಎಲೆ ಯಾರೂ ಕೇಳಿರದ ಒಂದು ಉಚಿತ ಆಪರೇಟಿಂಗ್ ಸಿಸ್ಟಮ್‌ನ ಗುರುತು. ಮುದಿ ಲ್ಯಾಪ್‌ಟಾಪಿನ ಮೇಲೂ ಹಗುರವಾಗಿ ಓಡುತ್ತದೆಂದು ಅಕ್ಕನ ಲ್ಯಾಪ್‌ಟಾಪಿಗೆ ನಾನೇ ಕೂತು ಹಾಕಿಕೊಟ್ಟಿದ್ದೆ. “ಇದ್ಯಾವುದೇ ಸೊಪ್ಪು?” ಎಂದು ಅವಳು ನಕ್ಕಿದ್ದಳು. ಆಮೆಯ ಕಥೆಯ ಕೆಳಗೆ ಎಲೆ. ಇರುವೆಯ ಕಥೆಯ ಕೆಳಗೂ ಎಲೆ. ನನ್ನ ಬೆರಳೆಣಿಕೆಯ ಓದುಗರಲ್ಲಿ ಇನ್ನೊಬ್ಬರ ಬಳಿಯೂ ಅದು ಇರಬಾರದೇಕೆ ಎಂದು ಅಕ್ಕನ ಮನೆಯ ದಾರಿಯುದ್ದಕ್ಕೂ ಮನಸ್ಸು ಅಂಗಲಾಚುತ್ತಿತ್ತು.

ಅಕ್ಕ ಒಲೆಯ ಮುಂದೆ ನಿಂತಿದ್ದಳು. ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ ತೆರೆದೇ ಇತ್ತು.

“ಇವತ್ತೂ ಬರೆದ್ನಾ ಆ ದರಿದ್ರದೋನು?” ಎಂದು ತಿರುಗದೆ ಕೇಳಿದಳು.

“ಇನ್ನೂ ಇಲ್ಲ. ನೀನು ಚಹಾ ಮಾಡ್ತಿದ್ದೀಯಲ್ಲ.”

ಅವಳ ಕೈಯ ಚಮಚ ನಿಂತಿತು. ಅಲ್ಲಗಳೆಯಲಿ, ಸುಳ್ಳಾದರೂ ಹೇಳಲಿ ಎಂದು ಕಾದೆ. ಅವಳು ಒಲೆ ಆರಿಸಿ, ಚಹಾ ಸೋಸಿ, ಎರಡು ಲೋಟ ತಂದು ಮೇಜಿನ ಮೇಲಿಟ್ಟಳು. ನಂತರ ಲ್ಯಾಪ್‌ಟಾಪ್ ಮುಚ್ಚಿದಳು.

“ಅಷ್ಟು ಕೆಟ್ಟದಾಗಿ ಬರೀತೀನಾ ಅಕ್ಕಾ? ಎದುರಿಗೆ ಹೇಳೋಕೆ ಏನಾಗಿತ್ತು?”

“ಚೆನ್ನಾಗೇ ಬರೀತೀಯ,” ಎಂದಳು.

“ಮತ್ತೆ?”

ಒಂದು ಲೋಟವನ್ನು ನನ್ನ ಕಡೆ ಸರಿಸಿದಳು.

“ಮದುವೆ ಆದ್ಮೇಲೆ ನೀನು ಎಷ್ಟು ಸಲ ಬಂದೆ ಹೇಳು? ಮೊದಲನೇ ಸಲ ನಾನು ಸುಮ್ನೆ ಬರೆದೆ. ಅವತ್ತು ಸಂಜೆ ನೀನು ಅಳ್ತಾ ಬಂದೆ, ರಾತ್ರಿ ಊಟಾನೂ ಇಲ್ಲೇ ಮಾಡ್ದೆ. ಆಮೇಲೆ ದಿನಾ ಬರ್ತಿದ್ದೆ.”

ನಾನು ಅತ್ತಿದ್ದು ಆ ಭುಜದ ಮೇಲೆ. ಚಹಾ ಮುಟ್ಟದೆ ಎದ್ದು ಬಂದೆ. “ನಾಳೆ ಬರ್ತೀಯಲ್ವಾ?” ಎಂದು ಬಾಗಿಲ ತನಕ ಬಂದು ಕೇಳಿದಳು.

ಆ ವಾರವೇ ಆಮೆಯ ಕೊನೆಯ ಭಾಗ ಬರೆದು ಮುಗಿಸಿ ಸೈಟಿಗೆ ಹಾಕಿದೆ. ಕೋಡಿನಲ್ಲೂ ಒಂದು ಸಾಲು ಸೇರಿಸಿದೆ. ಎಲೆಯ ಗುರುತಿನವರು ಬಂದರೆ ಕಥೆ ಪೂರ್ತಿ ತೋರಿಸಬೇಕು, ಕೆಳಗಿನ ಕಾಮೆಂಟಿನ ಜಾಗ ತೋರಿಸಬಾರದು. ಓದಲಿ, ಅವಳಿಗೆ ಬೇಡವೆನ್ನಲು ನನ್ನಿಂದ ಆಗಲಿಲ್ಲ. ಸಂಜೆ ಆಫೀಸು ಮುಗಿಸಿ ಈಗ ಬೇರೆ ರಸ್ತೆಯಿಂದ ಮನೆಗೆ ಹೋಗುತ್ತೇನೆ.