ಬಾನೆಟ್ಟಿನ ಮುಂದೆ ಹಿರಿತನ

ಆ ಮನೆಯಲ್ಲಿ ಏನೇ ಕೆಟ್ಟರೂ ರಿಪೇರಿ ವಯಸ್ಸಿನ ಪ್ರಕಾರವೇ ನಡೆಯಬೇಕು. ನಲ್ಲಿ ಸೋರಲಿ, ಮಿಕ್ಸಿ ನಿಲ್ಲಲಿ, ಮೊದಲು ಕೈ ಹಾಕುವವರು ಮಾವ. ಅವರು ಕೈ ತೊಳೆದುಕೊಂಡ ಮೇಲೆ ಭಾವ. ಭಾವ ತಲೆಯಾಡಿಸಿ ಪಕ್ಕಕ್ಕೆ ಸರಿದ ಮೇಲೆ ಚಿಕ್ಕ ಮಗ. ಅಷ್ಟು ಹೊತ್ತಿಗೆ ಆ ವಸ್ತುವಿನಲ್ಲಿ ಕೆಡುವುದಕ್ಕೆ ಹೆಚ್ಚೇನೂ ಉಳಿದಿರುತ್ತಿರಲಿಲ್ಲ. ಹಿರಿಯರು ನೋಡಿ ಬಿಟ್ಟದ್ದನ್ನು ಕಿರಿಯರು ಮತ್ತೆ ನೋಡುವುದೆಂದರೆ ಎದುರುತ್ತರ ಕೊಟ್ಟಂತೆ.

ಚಿಕ್ಕ ಸೊಸೆ ಇದನ್ನೆಲ್ಲ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನಿನ ಹಿಂದೆ ಕೂತು ನೋಡುತ್ತ ಬಂದವಳು. ಅವಳಿಗೆ ಬಾಯಿ ಕಡಿಮೆ, ಕಣ್ಣು ಹೆಚ್ಚು. ಬೇರೆ ದಿನವಾಗಿದ್ದರೆ ಸುಮ್ಮನೆ ನೋಡಿ ಒಳಗೊಳಗೇ ನಕ್ಕು ಬಿಡುತ್ತಿದ್ದಳು. ಆದರೆ ಈ ಸಲ ಕೆಟ್ಟದ್ದು ಕಾರು, ಆ ಕಾರಿನಲ್ಲಿ ಹೋಗಬೇಕಾಗಿದ್ದದ್ದು ಅವಳ ಕೋಟುಗಳು.

ದೊಡ್ಡ ಆಸ್ಪತ್ರೆಯವರು ಡಾಕ್ಟರುಗಳ ಬಿಳಿ ಕೋಟು ಹೊಲಿಯುವವರನ್ನು ಹುಡುಕುತ್ತಿದ್ದರು. ಮಾದರಿಗೆಂದು ನಾಲ್ಕು ಅಳತೆಯ ನಾಲ್ಕು ಕೋಟು ಕೇಳಿದ್ದರು. "ಇವತ್ತು ಊಟದ ಬೆಲ್ ಹೊಡೆಯೋದರೊಳಗೆ ತನ್ನಿ. ಆಮೇಲೆ ತಂದರೆ ನೋಡೋದಿಲ್ಲ, ಫ್ಯಾಕ್ಟರಿಯವರಿಗೇ ಕೊಟ್ಟುಬಿಡ್ತೀವಿ" ಎಂದು ಅಲ್ಲಿನ ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿದ್ದರು. ಇದೊಂದು ಸಿಕ್ಕರೆ ವರ್ಷವಿಡೀ ಕೆಲಸ. ಸಿಗದಿದ್ದರೆ ಮತ್ತೆ ಪ್ಯಾಂಟು ಗಿಡ್ಡ ಮಾಡುವುದು, "ಒಂಚೂರು ಹಿಡಿದುಕೊಡಮ್ಮ" ಎಂದು ಬರುವ ಅಕ್ಕಪಕ್ಕದವರ ಹರಕು ತೋಳು.

ಕಾರು ವಯಸ್ಸಿನಲ್ಲಿ ಭಾವನಿಗಿಂತ ಚಿಕ್ಕದು, ಅವಳ ಗಂಡನಿಗಿಂತ ದೊಡ್ಡದು. ಹಾಗಾಗಿ ಮನೆಯಲ್ಲಿ ಅದಕ್ಕೂ ಒಂದು ಸ್ಥಾನವಿತ್ತು, ಆ ಸ್ಥಾನ ಗಂಡನಿಗಿಂತ ಒಂದು ಮೆಟ್ಟಿಲು ಮೇಲೆ. ಓಡುತ್ತಿರುವಾಗ ಅದಕ್ಕೆ ಯಾವ ತಕರಾರೂ ಇರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಮಾತ್ರ ಬಿಸಿಯ ಮುಳ್ಳು ಏರಿ ಏರಿ, ಕೊನೆಗೆ ಬಾನೆಟ್ಟಿನ ಸಂದಿಯಿಂದ ಹೊಗೆಯಾಡುತ್ತಿತ್ತು. ಎಂಜಿನ್ ಕಾದಾಗ ತಾನಾಗಿಯೇ ತಿರುಗಬೇಕಾದ ರೇಡಿಯೇಟರ್ ಫ್ಯಾನು ತಿರುಗುತ್ತಿರಲಿಲ್ಲ.

"ಬಾಡಿಗೆ ಗಾಡಿ ಕರೀಲಾ?" ಎಂದು ಗಂಡ ಕೇಳಿದ್ದಕ್ಕೆ ಮಾವ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಬಾಡಿಗೆ ಗಾಡೀಲಿ ಹೋಗೋದಾ? ಬೀದಿಯವರು ಏನಂದುಕೊಳ್ತಾರೆ? ಸರಿ, ಬಾನೆಟ್ ಎತ್ತು. ಕರೆಂಟಿನ ವಿಷಯ ನನಗೆ ಬಿಡು."

ಮಾವ ನಿವೃತ್ತಿಯಾಗುವ ತನಕ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುತ್ತಿದ್ದವರು. ಹಾಗಾಗಿ ಮಿಂಚು ಸಮೇತ ಕರೆಂಟಿಗೆ ಸಂಬಂಧಪಟ್ಟದ್ದೆಲ್ಲ ಅವರ ಇಲಾಖೆ. ಫ್ಯಾನಿನ ಹಸಿರು ಫ್ಯೂಸ್ ಕಿತ್ತು, ಒಂದು ಕಣ್ಣು ಮುಚ್ಚಿ, ಬಿಸಿಲಿಗೆ ಹಿಡಿದು ನೋಡಿದರು.

"ಒಳಗಿನ ತಂತಿ ಗಟ್ಟಿಯಾಗಿದೆ. ಫ್ಯೂಸ್ ಸರಿ ಇದೆ."

ಅದೇ ಹೊತ್ತಿಗೆ ಅತ್ತೆ ಚಹಾ ತಂದರು. ಲೋಟ ಹಿಡಿಯಲು ಎರಡು ಕೈಯೂ ಬೇಕಾಗಿ ಮಾವ ಫ್ಯೂಸನ್ನು ಅಂಗಿಯ ಜೇಬಿಗೆ ಇಳಿಬಿಟ್ಟು ಜಗಲಿಯ ಮೇಲೆ ಕೂತರು. ಅಲ್ಲಿಗೆ ಫ್ಯೂಸಿನ ವಿಚಾರ ಮುಗಿದಂತಾಯಿತು.

ಮುಂದಿನ ಸರದಿ ಭಾವನದು. ಭಾವ ಸೀಲಿಂಗ್ ಫ್ಯಾನ್ ಮಾರುವ ಅಂಗಡಿಯಲ್ಲಿದ್ದವನು, ಫ್ಯಾನ್ ಎಂಬ ಪದ ಎಲ್ಲಿ ಬಂದರೂ ಅದು ಅವನಿಗೆ ಸೇರಿದ್ದು. ಅವನು ಫ್ಯಾನಿಗೆ ಕರೆಂಟ್ ದಾಟಿಸುವ ರಿಲೇ ಎಂಬ ಪುಟ್ಟ ಕಪ್ಪು ಡಬ್ಬಿಯನ್ನು ಕಿತ್ತು, ಹಾರ್ನಿನ ರಿಲೇ ಇದ್ದ ಜಾಗದಲ್ಲಿ ಕೂರಿಸಿ, ಹಾರ್ನ್ ಒತ್ತಿದ. ಬೀದಿ ಎದ್ದು ಕೂತಿತು. ಖಾತ್ರಿಯಾಗಲೆಂದು ಮತ್ತೆ ಮತ್ತೆ ಒತ್ತಿದ.

"ರಿಲೇ ಸರಿ ಇದೆ. ಅಂದಮೇಲೆ ಮೋಟರೇ ಸುಟ್ಟಿದೆ ಅಂತ ಅರ್ಥ" ಎಂದು ಅದನ್ನು ಮತ್ತೆ ಫ್ಯಾನಿನ ಜಾಗಕ್ಕೇ ಕೂರಿಸಿದ.

"ಒಂದು ಫ್ಯಾನ್ ತಿರುಗಿಸೋಕೆ ಮೂರು ಜನ ಗಂಡಸರು" ಎಂದರು ಅತ್ತೆ ಕಿಟಕಿಯಿಂದ. "ಹೇಳಿ, ನಾನೇ ಬೀಸಣಿಗೆ ಹಿಡ್ಕೊಂಡು ಕಾರಿನ ಮುಂದೆ ನಡೀತೀನಿ."

ಕೊನೆಗೆ ಗಂಡನ ಸರದಿ ಬಂತು. ಅವನು ಬೇಕರಿಯ ವ್ಯಾನ್ ಓಡಿಸುವವನು. ಮೊದಲಿನಿಂದಲೂ ಅವನ ಕಣ್ಣು ರೇಡಿಯೇಟರಿನ ಕೆಳಗಿದ್ದ ಒಂದು ಸ್ವಿಚ್ಚಿನ ಮೇಲೆಯೇ ಇತ್ತು. ನೀರು ಕಾದಾಗ ಫ್ಯಾನಿಗೆ ಹೇಳಿಕಳಿಸುವ ಸ್ವಿಚ್ಚು ಅದು. ಅದರ ತುದಿಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಅವನು ಕಾರಿನ ಕೆಳಗೆ ತೂರಿ, ಅದರ ಎರಡೂ ವಯರುಗಳನ್ನು ಬಿಚ್ಚಿ ಒಂದಕ್ಕೊಂದು ಸೇರಿಸಿದ.

"ಕೀ ತಿರುಗಿಸಣ್ಣ. ಸ್ವಿಚ್ ಕೆಟ್ಟಿದ್ರೆ ಈಗ ಫ್ಯಾನ್ ತಿರುಗಬೇಕು."

ರಿಲೇ ಟಿಕ್ ಎಂದಿತು. ಫ್ಯಾನು ಅಲ್ಲಾಡಲಿಲ್ಲ.

"ನಾನೇನಂದೆ?" ಎಂದ ಭಾವ. "ಮೋಟರ್. ರೇಡಿಯೇಟರ್ ಇಳಿಸಿ ಮೋಟರ್ ಹೊರಗೆ ತೆಗೀಬೇಕು. ಸ್ಪಾನರ್ ತಗೊಂಡು ಬಾ."

ರೇಡಿಯೇಟರ್ ಇಳಿಸಿದರೆ ಸಂಜೆಯ ತನಕ ಕಾರು ಕದಲುವುದಿಲ್ಲ. ಬಾಗಿಲಲ್ಲಿ ಕೋಟುಗಳನ್ನು ಹ್ಯಾಂಗರಿನಲ್ಲಿ ಹಿಡಿದು ನಿಂತಿದ್ದ ಚಿಕ್ಕ ಸೊಸೆ ಜಗಲಿಯ ಕಡೆ ನೋಡಿದಳು. ಮಾವನ ತೆಳು ಬಿಳಿ ಅಂಗಿಯ ಜೇಬಿನಲ್ಲಿ ಫ್ಯೂಸು ಹಸಿರಾಗಿ ಕಾಣುತ್ತಿತ್ತು. ಅದು ಅಲ್ಲಿರುವ ತನಕ ಯಾವ ವಯರನ್ನು ಯಾವುದಕ್ಕೆ ಸೇರಿಸಿದರೇನು? ಆದರೆ ಹೇಳುವುದು ಹೇಗೆ? ಹಿಂದೊಮ್ಮೆ ದೊಡ್ಡ ಸೊಸೆ, "ಮಾವ, ನಲ್ಲಿ ಕೆಟ್ಟಿಲ್ಲ, ಕೆಳಗಡೆ ನೀವೇ ವಾಲ್ವ್ ಮುಚ್ಚಿದೀರಿ" ಎಂದು ಎಲ್ಲರೆದುರು ಹೇಳಿಬಿಟ್ಟಿದ್ದಳು. ಆಮೇಲೆ ಮಾವ ವಾರಗಟ್ಟಲೆ ಆ ನಲ್ಲಿಯ ನೀರು ಮುಟ್ಟಿರಲಿಲ್ಲ.

ಅವಳು ಕೋಟುಗಳನ್ನು ಗೋಡೆಯ ಮೊಳೆಗೆ ತೂಗುಹಾಕಿ ಜಗಲಿಗೆ ಬಂದಳು.

"ಮಾವ, ನಿಮ್ಮ ಅಂಗಿ ಗುಂಡಿ ಸಡಿಲ ಆದಹಾಗಿದೆ. ಬಿಚ್ಚಿಕೊಡಿ, ಹಾಕಿಕೊಡ್ತೀನಿ."

"ಯಾವುದಮ್ಮ?"

"ಮೇಲಿಂದ ಎರಡನೇದು. ಆಸ್ಪತ್ರೇಲಿ ನಾಲ್ಕು ಜನರ ಎದುರಿಗೆ ಬಿದ್ದುಹೋದ್ರೆ ಚೆನ್ನಾಗಿರಲ್ಲ."

ನಾಲ್ಕು ಜನರ ವಿಷಯ ಬಂದಮೇಲೆ ಮಾವ ತಕ್ಷಣ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತರು. ಗುಂಡಿ ಕಲ್ಲಿನಂತೆ ಗಟ್ಟಿಯಾಗಿತ್ತು, ಹಾಕಿದವಳು ಅವಳೇ. ಒಳಗೆ ಹೋಗಿ, ಆಡಿದ ಮಾತು ಸುಳ್ಳಾಗಬಾರದೆಂದು ಅದನ್ನು ಕತ್ತರಿಸಿದಳು. ಜೇಬಿನಲ್ಲಿದ್ದದ್ದನ್ನೆಲ್ಲ ಒಂದು ತಟ್ಟೆಗೆ ಸುರಿದು ತಂದು ಮಾವನ ಮುಂದಿಟ್ಟಳು. ಕನ್ನಡಕದ ಡಬ್ಬಿ, ಬಾಚಣಿಗೆ, ಫ್ಯೂಸು.

"ಜೇಬಲ್ಲಿದ್ದದ್ದು ಮಾವ. ಎಲ್ಲ ಇದೆಯಾ ನೋಡ್ಕೊಳ್ಳಿ."

ಭಾವನ ಕೈಯ ಸ್ಪಾನರ್ ಅಲ್ಲೇ ನಿಂತಿತು. ಕಾರಿನ ಕೆಳಗಿಂದ ಗಂಡನ ತಲೆ ಹೊರಗೆ ಬಂದು, ತಟ್ಟೆ ನೋಡಿ, ಮತ್ತೆ ಒಳಗೆ ಹೋಯಿತು. ಮಾವ ಮೊದಲು ಬಾಚಣಿಗೆ ತೆಗೆದುಕೊಂಡು ನಿಧಾನವಾಗಿ ತಲೆ ಬಾಚಿಕೊಂಡರು. ಆಮೇಲೆ ಕನ್ನಡಕ ಹಾಕಿಕೊಂಡರು. ಎಲ್ಲಕ್ಕೂ ಕೊನೆಗೆ ಫ್ಯೂಸನ್ನು ಎತ್ತಿಕೊಂಡರು.

"ಇದನ್ನ ನಾನೇ ಬೇಕು ಅಂತ ತೆಗೆದಿಟ್ಟಿದ್ದೆ" ಎಂದರು. "ನೀವು ಕೈ ಹಾಕಿ ಕೆಲಸ ಮಾಡ್ತಿದೀರಿ. ಶಾಕ್ ಹೊಡೆದ್ರೆ ಯಾರಪ್ಪ ಜವಾಬ್ದಾರಿ?"

"ಹೌದಪ್ಪ, ಅದೇ ಕ್ರಮ" ಎಂದ ಭಾವ.

ಮಾವ ಫ್ಯೂಸ್ ಕೂರಿಸಿದ್ದೇ ತಡ, ಫ್ಯಾನು ಗುರ್ರೆಂದು ತಿರುಗಿತು. "ನೋಡಿದ್ರಾ? ಎಲ್ಲಕ್ಕೂ ಮೊದಲು ಫ್ಯೂಸ್ ಅಂತ ಹೇಳಿದ್ದು ಯಾರು?" ಎಂದರು. ಗಂಡ ಮಾತ್ರ ಇನ್ನೂ ಕಾರಿನ ಕೆಳಗೇ ಇದ್ದು, ತಾನು ಸೇರಿಸಿದ್ದ ವಯರುಗಳು ಬಿಚ್ಚಿಕೊಳ್ಳದಂತೆ ಬಿಗಿಯಾಗಿ ಹೊಸೆದ.

ಆದರೆ ಅಂಗಿಗೆ ಈಗ ನಿಜವಾಗಿಯೂ ಗುಂಡಿಯಿರಲಿಲ್ಲ, ಹಾಕಲು ಹೊತ್ತೂ ಇರಲಿಲ್ಲ. ಹಿತ್ತಲಿನ ತಂತಿಯ ಮೇಲಿದ್ದ ಉಳಿದ ಅಂಗಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾರು ಓಡಿಸುವ ಹಕ್ಕು ಹಿರಿಯರದು. ಮಾವ ಅತ್ತಿತ್ತ ನೋಡಿ, ಮೊಳೆಯಿಂದ ಎಲ್ಲಕ್ಕಿಂತ ದೊಡ್ಡ ಕೋಟನ್ನು ತೆಗೆದು ಹಾಕಿಕೊಂಡರು.

"ಮಾವ, ಅದು..."

"ಸಾಕು ಬಿಡಮ್ಮ, ಚೆನ್ನಾಗೇ ಇದೆ. ಕಾರಲ್ಲಿ ಯಾರು ನೋಡ್ತಾರೆ? ಹತ್ತು."

ದಾರಿಯುದ್ದಕ್ಕೂ ಅವಳು ಹಿಂದಿನ ಸೀಟಿನಲ್ಲಿ ಮೂರು ಕೋಟುಗಳನ್ನು ಮಗುವಿನಂತೆ ಹಿಡಿದುಕೊಂಡು, ನಾಲ್ಕನೆಯದರ ಬೆನ್ನ ಮೇಲೆ ಒಂದೊಂದೇ ಸುಕ್ಕು ಮೂಡುವುದನ್ನು ನೋಡುತ್ತಿದ್ದಳು. ಮಾವನಿಗೆ ಫ್ಯಾನಿನ ಸಂಭ್ರಮ. ಸಿಗ್ನಲ್ಲಿಗೆ ಹಸಿರು ದೀಪ ಬಿದ್ದರೂ ಒಂದು ಗಳಿಗೆ ನಿಂತು, "ಮುಳ್ಳು ನೋಡಮ್ಮ, ಒಂಚೂರೂ ಏರಿಲ್ಲ" ಎನ್ನುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸೋತರು.

ಮೇಲ್ವಿಚಾರಕಿ ಊಟಕ್ಕೆ ಏಳುವ ಹೊತ್ತಿಗೆ ಅವಳು ಏದುಸಿರು ಬಿಡುತ್ತ ಮೇಜಿನ ಮುಂದೆ ನಿಂತಳು. ಅವರು ಕಾಲರ್ ಮಡಚಿ ನೋಡಿದರು, ಹೊಲಿಗೆ ಎಳೆದು ನೋಡಿದರು.

"ಕೆಲಸ ನೀಟಾಗಿದೆ. ಆದ್ರೆ ನಾನು ಹೇಳಿದ್ದು ನಾಲ್ಕು. ಇಲ್ಲಿ ಮೂರೇ ಇದೆಯಲ್ಲ?"

ಅವಳು ಕಿಟಕಿಯ ಗಾಜಿನಾಚೆ ನೋಡಿದಳು. ಕಾರಿನಲ್ಲಿರಬೇಕಾದ ಮಾವ ಆಸ್ಪತ್ರೆಯ ಕಾರಿಡಾರಿನಲ್ಲಿದ್ದರು. ಬೆಂಚಿನ ಮೇಲೆ ಕೂತ ಮುದುಕರೊಬ್ಬರು ಅವರಿಗೆ ಬಾಯಿ ತೆರೆದು ಹಲ್ಲು ತೋರಿಸುತ್ತಿದ್ದರು. ಮಾವ ಬಗ್ಗಿ ನೋಡುತ್ತಿದ್ದರು.

"ನಾಲ್ಕನೇದು ಅಲ್ಲಿದೆ ಮೇಡಂ" ಎಂದಳು.

ಮೇಲ್ವಿಚಾರಕಿ ಎದ್ದು ಕಿಟಕಿಗೆ ಬಂದರು. ಮಾವ ಇನ್ನೂ ಬಗ್ಗಿದರು, ತೋಳೆತ್ತಿ ಎಲ್ಲೋ ದೂರ ತೋರಿಸಿದರು, ಮುದುಕರ ಭುಜ ತಟ್ಟಿದರು.

"ಪರವಾಗಿಲ್ಲ, ಬಗ್ಗಿದ್ರೂ ಬೆನ್ನಲ್ಲಿ ಎಳೀತಿಲ್ಲ. ತೋಳೂ ಸಲೀಸಾಗಿ ಏಳುತ್ತೆ. ಫ್ಯಾಕ್ಟರಿಯವರು ಹೀಗೆ ಹಾಕಿ ತೋರಿಸಲೇ ಇಲ್ಲ. ನೀವೇ ಶುರು ಮಾಡಿ." ಮೇಜಿಗೆ ಮರಳುತ್ತ, "ಆ ಡಾಕ್ಟರನ್ನ ಇಲ್ಲಿ ನೋಡಿದ ನೆನಪಿಲ್ಲವಲ್ಲ?" ಎಂದರು.

"ಇವತ್ತೇ ಬಂದದ್ದು" ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬೆಲ್ ಹೊಡೆಯಿತು. ಅವಳು ಓಡುತ್ತ ಕಾರಿಡಾರಿಗೆ ಬಂದಳು. ಬೆಂಚಿನ ಮುಂದೆ ಆಗಲೇ ರೋಗಿಗಳ ಒಂದು ಸಾಲು ಬೆಳೆದಿತ್ತು.

"ಮಾವ, ಕೆಲಸ ಸಿಕ್ಕಿತು. ಬನ್ನಿ, ಹೋಗೋಣ."

"ಇರಮ್ಮ, ಪಾಪ, ಇವರು ಆಗಲಿಂದ ಕಾಯ್ತಿದಾರೆ."

ಹಿರಿಯರು ಹೂಂ ಎನ್ನುವ ತನಕ ಕಾಯುವುದು ಅವಳಿಗೆ ರೂಢಿ. ಅವತ್ತು ಕಾಯಲಿಲ್ಲ. ಕೋಟಿನ ತೋಳು ಹಿಡಿದು ಬಾಗಿಲ ಕಡೆಗೆ ಎಳೆದಳು. ಮಾವ ಆ ಕಡೆ ಎಳೆದರು, ಇವಳು ಈ ಕಡೆ. ಹೊಲಿಗೆ ಬಿಡಲಿಲ್ಲ. ಮಾವನೇ ಬರಬೇಕಾಯಿತು.