ಒಡೆದ ಕಾಗದ

"ಅಂಟಿನ ಜಾಗದಾಗೆ ಅನ್ನದ ಅಗುಳು ಎಲ್ಲಿಂದ ಬಂತೇ?" ಅಂಜನಮ್ಮ ಲಕೋಟೆಯನ್ನು ಚೂಡಾಮಣಿಯ ಮೂಗಿನ ಹತ್ತಿರ ಹಿಡಿದಳು. "ನೀನೇ ತಾನೆ ಒಡೆದಿದ್ದು?"

ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಿಂದ ಆಗಷ್ಟೇ ಬಂದಿದ್ದ ಚೂಡಾಮಣಿ ಇನ್ನೂ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಜರಗನಹಳ್ಳಿಯ ಅಂಜನಮ್ಮನ ಮನೆಯ ಹಿಂದಿನ ಒಂಟಿ ಕೋಣೆಗೆ ಅವಳು ಬಾಡಿಗೆಗೆ ಬಂದು ಎರಡು ವರ್ಷವಾಗಿತ್ತು. ಪೋಸ್ಟ್‌ಮ್ಯಾನ್ ಇಬ್ಬರ ಕಾಗದಗಳನ್ನೂ ಒಂದೇ ಜಗಲಿಯ ಮೇಲೆ ಎಸೆದುಹೋಗುತ್ತಿದ್ದ. ನಿನ್ನೆಯ ಲಕೋಟೆ ಅಂಜನಮ್ಮನ ಮಗಳನ್ನು ನೋಡಿಹೋದ ಗಂಡಿನ ಮನೆಯವರದು. ಮದುವೆ ಕುದುರಿದರೆ ಅಳಿಯನಿಗೆ ಆ ಕೋಣೆಯನ್ನೇ ಬಿಡಿಸಿಕೊಡುತ್ತಾರಂತೆ ಎಂದು ಬೀದಿಯಲ್ಲಿ ಮಾತಿತ್ತು. ಕೇಳಿದರೆ ಅಂಜನಮ್ಮ ನಕ್ಕು ಸುಮ್ಮನಾಗುತ್ತಿದ್ದಳು. ಚೂಡಾಮಣಿ ಲಕೋಟೆಯನ್ನು ಹಬೆಗೆ ಹಿಡಿದು ಬಿಚ್ಚಿ, ಓದಿ, ಅನ್ನದಿಂದ ಮತ್ತೆ ಅಂಟಿಸಿದ್ದು ನಿಜ.

"ನನ್ನನ್ನ ಕೇಳ್ತೀರಲ್ಲಕ್ಕ, ನೀವು ನನ್ನ ಕಾಗ್ದ ಒಡೀಲಿಲ್ವಾ?"

ಬಾಯಿಗೆ ಬಂದದ್ದನ್ನು ಅಂದಿದ್ದಳು, ಅಷ್ಟೆ. ಅಂಜನಮ್ಮ ರೇಗಿ ಕೂಗಾಡುತ್ತಾಳೆ, ಆ ಗಲಾಟೆಯಲ್ಲಿ ತನ್ನದು ಮುಚ್ಚಿಹೋಗುತ್ತದೆ ಎಂದುಕೊಂಡಿದ್ದಳು.

ಅಂಜನಮ್ಮನ ಕೈ ಕೆಳಗಿಳಿಯಿತು. "ಯಾರು ಹೇಳಿದ್ರು ನಿಂಗೆ?"

ಚೂಡಾಮಣಿ ಒಂದು ಹೆಜ್ಜೆ ಮುಂದೆ ಬಂದಳು. "ಯಾವ ಕಾಗ್ದ ಅಕ್ಕಾ?"

ಅಂಜನಮ್ಮ ಒಳಗೆ ಹೋಗಿ, ಅಂಚು ಹರಿದ ಇನ್‌ಲ್ಯಾಂಡ್ ಕಾಗದವೊಂದನ್ನು ತಂದಳು. "ಗಂಡ ಹೊಸೂರಲ್ಲವ್ನೆ ಅಂತಿದ್ದೆ ನೀನು. ಒಂದಿನಾನೂ ಬಂದೋನಲ್ಲ. ಇವಳು ಹೇಳೋದು ನಿಜಾನೋ ಸುಳ್ಳೋ ಅಂತ ಬಿಚ್ಚಕ್ಕೋದೆ, ಹರಿದೋಯ್ತು. ಆಮೇಲೆ ಯಾವ ಮುಖ ಇಟ್ಕೊಂಡು ಕೊಡ್ಲಿ?"

ತಾನು ಜಗಳವಾಡಿ ಬಿಟ್ಟುಬಂದ ಗಂಡನ ಅಕ್ಷರ. ಭಾನುವಾರ ಹತ್ತು ಗಂಟೆಗೆ ಕನಕಪುರ ರಸ್ತೆಯ ಬಸ್‌ಸ್ಟಾಪಿನಲ್ಲಿ ಇರುತ್ತೇನೆ, ಮನಸ್ಸಿದ್ದರೆ ಬಾ, ಬರದಿದ್ದರೆ ಇನ್ನು ನಾನು ಬರೆಯುವುದಿಲ್ಲ.

ಆ ಭಾನುವಾರ ಕಳೆದು ಮೂರು ವಾರವಾಗಿತ್ತು. ಅಂದು ಬೆಳಿಗ್ಗೆ ಅವಳು ತಾರಸಿಯ ಮೇಲೆ ಅಂಜನಮ್ಮನ ಸಂಡಿಗೆ ಇಡುತ್ತಿದ್ದಳು. ನಡುವೆ ಅಂಜನಮ್ಮ ಎರಡು ಸಲ ಕೈತೊಳೆದು ರಸ್ತೆಯ ಕಡೆ ಹೋಗಿಬಂದದ್ದು ಈಗ ನೆನಪಾಯಿತು.

"ಅವ್ರು ಬಂದಿದ್ರಾ?"

"ಕೈಯಲ್ಲೊಂದು ಚೀಲ ಹಿಡ್ಕೊಂಡು, ಬರೋ ಹೆಂಗಸ್ರನ್ನೆಲ್ಲ ನೋಡ್ತಾ ನಿಂತಿದ್ದ. ಹನ್ನೆರಡರ ಮೇಲೂ ಇದ್ದ ಕಣಮ್ಮ."

ಬೈಗುಳವೆಲ್ಲ ಚೂಡಾಮಣಿಯ ನಾಲಿಗೆಯ ತುದಿಗೆ ಬಂತು. ಆದರೆ ಹೊರಬಿದ್ದ ಮಾತೇ ಬೇರೆ.

"ಸೊರಗಿದ್ರಾ ಅಕ್ಕಾ?"

ಚೂಡಾಮಣಿ ಜಗಲಿಯ ಮೇಲೆ ಕೂತು, ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು, ಹರಿದ ಅಂಚುಗಳನ್ನು ಒಂದಕ್ಕೊಂದು ಕೂಡಿಸತೊಡಗಿದಳು.